ಸಾಕ್ಷಿ ತುಂಡು

ನೀಲಾಂಬಿಕೆ ಓದುತ್ತಿದ್ದ ಕೋರ್ಸಿನ ಹೆಸರು ಅವಳ ಅಕ್ಕನ ಬಾಯಲ್ಲಿ ಕೊನೆಯವರೆಗೂ ನೆಟ್ಟಗೆ ಬರಲಿಲ್ಲ. ಮೆಟೀರಿಯಲ್ಸ್ ಎಂಜಿನಿಯರಿಂಗ್ ಒಂದು, ಕೆಮಿಕಲ್ ಎಂಜಿನಿಯರಿಂಗ್ ಇನ್ನೊಂದು. ಎರಡನ್ನೂ ಒಟ್ಟಿಗೆ ಓದಿ ಒಂದೇ ಪದವಿ ಪಡೆಯುವ ಹೊಸ ಕೋರ್ಸು ಅದು. ವಿಶ್ವವಿದ್ಯಾಲಯ ಅದನ್ನು ತೆರೆದ ವರ್ಷವೇ ನೀಲಿ ಮೊದಲ ಬ್ಯಾಚಿಗೆ ಸೇರಿದಳು. ಅಕ್ಕ ಕೊಟ್ರಮ್ಮ ಬಸ್ ಕಂಡಕ್ಟರ್. ಅಪ್ಪ ಅವ್ವ ಇಬ್ಬರೂ ಬೇಗ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳೇ ಅವಳು. ಕೋರ್ಸಿನ ವಿಷಯ ಕೇಳಿ ಅವಳು ನಕ್ಕಳು.

"ಒಂದು ಟಿಕೆಟ್ಟಿಗೆ ಎರಡು ಬಸ್ ಹತ್ತಿದಂಗಾತು. ಎರಡೂ ಒಂದೇ ಊರಿಗೆ ಹೋಗ್ತಾವೋ ಇಲ್ಲೋ ಕೇಳ್ಕಂಡು ಹತ್ತವ್ವ."

ಅಕ್ಕ ತಮಾಷೆಗೆ ಹೇಳಿದ್ದಳು, ಅಷ್ಟೆ. ಆದರೆ ಆ ಎರಡು ವಿಭಾಗಗಳು ನಿಜಕ್ಕೂ ಎರಡು ಊರುಗಳೇ ಆಗಿದ್ದವು. ನಡುವೆ ಒಂದು ಬಾದಾಮಿ ಮರ, ಅದರ ಕೆಳಗೆ ಚಹಾದಂಗಡಿ. ಈ ಕಡೆ ಮೆಟೀರಿಯಲ್ಸ್ ಕಟ್ಟಡ, ಆ ಕಡೆ ಕೆಮಿಕಲ್ ಕಟ್ಟಡ. ಮೆಟೀರಿಯಲ್ಸಿನವರದ್ದು ತಾಳ್ಮೆಯ ಜಾತಿ. ಒಂದು ತುಂಡು ಲೋಹವನ್ನೋ ಪ್ಲಾಸ್ಟಿಕ್ಕನ್ನೋ ಉಪ್ಪುನೀರಿನಲ್ಲಿ ಇಟ್ಟು, ಮುಚ್ಚಳ ಹಾಕಿ, ತಿಂಗಳುಗಟ್ಟಲೆ ಆ ಕಡೆ ತಲೆ ಹಾಕುತ್ತಿರಲಿಲ್ಲ. ಅದರ ಪಾಡಿಗೆ ಅದು ಇರಲಿ, ಏನಾಗುತ್ತದೋ ಆಗಲಿ ಎನ್ನುವವರು. ಕೆಮಿಕಲ್ಲಿನವರಿಗೆ ನಿಂತ ನೀರೆಂದರೆ ಆಗದು. ಹೊಸದು ಒಳಗೆ ಹರಿಯಬೇಕು, ಹಳೆಯದು ಹೊರಗೆ ಹೋಗಬೇಕು, ಪಾತ್ರೆಯೊಳಗಿನ ಲೆಕ್ಕ ಯಾವತ್ತೂ ಒಂದೇ ಸಮ ಇರಬೇಕು. ನಿನ್ನೆಯ ದ್ರವವನ್ನು ಇವತ್ತು ಕಂಡರೆ ಅಲ್ಲಿನ ಮೇಷ್ಟರುಗಳ ಮುಖ ಹುಳ್ಳಗಾಗುತ್ತಿತ್ತು. ನೀಲಿ ಮತ್ತವಳ ಬ್ಯಾಚಿನವರು ಬೆಳಿಗ್ಗೆ ಒಂದು ಕಟ್ಟಡದಲ್ಲಿ ಬೈಸಿಕೊಂಡದ್ದನ್ನು ಮಧ್ಯಾಹ್ನ ಇನ್ನೊಂದರಲ್ಲಿ ಮಾಡಿ ಮತ್ತೆ ಬೈಸಿಕೊಳ್ಳುತ್ತಿದ್ದರು. ಹಾಗೆ ಬೈಸಿಕೊಳ್ಳುವುದರಲ್ಲೇ ಅವರಿಗೊಂದು ಹೆಮ್ಮೆಯೂ ಇತ್ತು.

ಅವಳು ಮೂರನೆಯ ವರ್ಷಕ್ಕೆ ಬರುವ ಹೊತ್ತಿಗೆ ಅಕ್ಕನ ಎರಡೂ ಕಿಡ್ನಿ ಹೋಗಿದ್ದವು.

ಹೇಗೆ ಹೋದವು ಎಂದು ಕೇಳಿದರೆ ಹೊಟ್ಟೆ ಉರಿಯುತ್ತದೆ. ದೂರದ ರೂಟಿನಲ್ಲಿ ಹೆಣ್ಣು ಕಂಡಕ್ಟರ್ ಹೋಗಬಹುದಾದ ಶೌಚಾಲಯ ಎಲ್ಲೂ ಇರಲಿಲ್ಲ. ಡ್ರೈವರ್ ಬೇಲಿ ಮರೆಗೆ ಹೋಗಿ ಬರುತ್ತಿದ್ದ. ಇವಳು ಎಲ್ಲಿಗೆ ಹೋಗಬೇಕು? ಅದಕ್ಕೆ ಕೊಟ್ರಮ್ಮ ಕಂಡುಕೊಂಡ ಉಪಾಯವೆಂದರೆ ನೀರು ಕುಡಿಯದೇ ಇರುವುದು. ಬೆಳಿಗ್ಗೆ ಅರ್ಧ ಲೋಟ ಚಹಾ, ಆಮೇಲೆ ಡ್ಯೂಟಿ ಮುಗಿಯುವವರೆಗೆ ನಾಲಿಗೆ ಒಣಗಿಸಿಕೊಂಡು ಟಿಕೆಟ್ ಹರಿಯುವುದು. ವರ್ಷಾನುಗಟ್ಟಲೆ ಹೀಗೆ ನಡೆಯಿತು. ಜ್ವರ, ಉರಿ, ಸೊಂಟನೋವು ಎಲ್ಲವನ್ನೂ ಮಾತ್ರೆ ನುಂಗಿ ನುಂಗಿ ಮುಚ್ಚಿಟ್ಟಳು. ತಂಗಿಗೆ ತಿಳಿದಾಗ ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಂಚದ ಮೇಲೆ ಮಲಗುವ ಹಂತ ಬಂದಿತ್ತು. ಬಸ್ಸು ತಪ್ಪಿತು. ಮತ್ತೆ ನೀರೂ ತಪ್ಪಿತು, ಏಕೆಂದರೆ ಡಯಾಲಿಸಿಸ್ ಮಾಡಿಸಿಕೊಳ್ಳುವವರು ನೀರನ್ನು ಅಳೆದು ಕುಡಿಯಬೇಕು. ಹಿಂದೆ ಕುಡಿಯಲು ಧೈರ್ಯವಿರಲಿಲ್ಲ, ಈಗ ಅಪ್ಪಣೆಯಿಲ್ಲ ಎಂದು ಅಕ್ಕ ಗೊಣಗುತ್ತಿದ್ದಳು.

ಅದೇ ವರ್ಷ ವಿಶ್ವವಿದ್ಯಾಲಯದಲ್ಲಿ ಪೊರೆ ಸಿದ್ಧವಾಯಿತು.

ಈರುಳ್ಳಿಯ ಒಳಸಿಪ್ಪೆಗಿಂತ ತೆಳುವಾದ ಪೊರೆ. ಅದನ್ನು ಪದರ ಪದರವಾಗಿ ಮಡಿಚಿ, ಅಂಗೈಯಗಲದ ಚೀಲ ಮಾಡಿ, ಸೊಂಟದ ಚರ್ಮದ ಕೆಳಗೆ ರಕ್ತನಾಳಕ್ಕೆ ಸೇರಿಸಿ ಹೊಲಿದರೆ ಅದು ಕಿಡ್ನಿಯ ಕೆಲಸ ಮಾಡುತ್ತಿತ್ತು. ರಕ್ತದೊಳಗಿನ ಕಶ್ಮಲದ ಸಣ್ಣ ಅಣುಗಳನ್ನು ಹೊರಗೆ ಬಿಡುತ್ತಿತ್ತು, ದೊಡ್ಡವನ್ನು ಒಳಗೇ ತಡೆಯುತ್ತಿತ್ತು. ಅಂಥ ಪೊರೆಗಳು ಹಿಂದೆಯೂ ಇದ್ದವು. ಆದರೆ ಮೈ ಬಗ್ಗಿ ಎದ್ದು ಅವು ಹರಿಯುತ್ತಿದ್ದವು. ಇದು ಹರಿದರೆ ತಾನೇ ಕೂಡಿಕೊಳ್ಳುತ್ತಿತ್ತು. ಹರಿದೋ ಮೈಯ ಬಿಸಿಗೆ ತಾನಾಗಿ ಸಡಿಲಿಯೋ ಇದರ ಅಣುಗಳ ಸರಪಳಿಯಲ್ಲಿ ಕೊಂಡಿ ಬಿಚ್ಚಿದರೆ ಪಕ್ಕದ ಕೊಂಡಿಯನ್ನು ಹಿಡಿದು ಮತ್ತೆ ಹೆಣೆದುಕೊಳ್ಳುವ ಗುಣವಿತ್ತು. ಹಾಗೆ ಹೆಣೆಯುವಾಗೆಲ್ಲ ಒಂದು ಕಿರುಚೂರು ಉದುರುತ್ತಿತ್ತು, ದರ್ಜಿ ಅಂಗಡಿಯಲ್ಲಿ ನೂಲಿನ ತುಣುಕು ಉದುರಿದ ಹಾಗೆ. ಅದು ಎಲ್ಲರಿಗೂ ಗೊತ್ತಿದ್ದ ವಿಷಯವೇ. ಅಷ್ಟು ಸಣ್ಣದನ್ನು ಯಾರೂ ದೊಡ್ಡದು ಮಾಡಲಿಲ್ಲ.

ಮೊದಲು ಪೊರೆ ಹಾಕಿಸಿಕೊಂಡವರಲ್ಲಿ ಕೊಟ್ರಮ್ಮನೂ ಒಬ್ಬಳು. ತಂಗಿಯೇ ಒತ್ತಾಯ ಮಾಡಿ ಅವಳ ಹೆಸರು ಸೇರಿಸಿದ್ದಳು.

ಪ್ರತಿಯೊಬ್ಬರಿಗೂ ಹಾಕಿದ ಪೊರೆಯ ಹಾಳೆಯಿಂದ ಒಂದು ಬೆರಳಗಲ ಕತ್ತರಿಸಿ ಪ್ರಯೋಗಾಲಯದಲ್ಲಿ ಇಟ್ಟುಕೊಳ್ಳುವುದು ಪದ್ಧತಿ. ಅದಕ್ಕೆ ಸಾಕ್ಷಿ ತುಂಡು ಎನ್ನುತ್ತಿದ್ದರು. ಗಾಜಿನ ಜಾಡಿಯಲ್ಲಿ, ರಕ್ತದ ನೀರನ್ನು ಹೋಲುವ ದ್ರವದಲ್ಲಿ, ಮೈಯ ಬಿಸಿಯಲ್ಲೇ ಅದು ಇರಬೇಕು. ಒಳಗಿನ ಪೊರೆಗೆ ಆಗುವುದು ಹೊರಗಿನ ತುಂಡಿಗೂ ಆಗುತ್ತದೆ, ನೋಡಿ ತಿಳಿದುಕೊಳ್ಳಬಹುದು ಎಂಬ ಲೆಕ್ಕ. ರಕ್ತಪರೀಕ್ಷೆಯನ್ನು ಪೂರಾ ನಂಬುವಂತಿರಲಿಲ್ಲ, ಏಕೆಂದರೆ ಇಂಥ ಪೊರೆ ಕೊನೆಯವರೆಗೂ ಚೆನ್ನಾಗಿಯೇ ಸೋಸುತ್ತಿದ್ದು, ಬಿರಿಯುವಾಗ ಒಮ್ಮೆಗೇ ಬಿರಿಯುತ್ತದೆ. ಮುನ್ಸೂಚನೆ ಕೊಡಬೇಕಾದದ್ದು ಸಾಕ್ಷಿ ತುಂಡೇ.

ಜಾಡಿಗಳನ್ನು ನೋಡಿಕೊಳ್ಳುವ ಕೆಲಸ ಜೋಡಿ ಕೋರ್ಸಿನ ಮಕ್ಕಳಿಗೆ ಬಂತು. ಆದರೆ ಹೇಗೆ ನೋಡಿಕೊಳ್ಳಬೇಕು ಎಂಬುದಕ್ಕೆ ಎರಡು ಕಟ್ಟಡಗಳ ನಡುವೆ ಜಗಳವೇ ಆಯಿತು. ಮುಟ್ಟಲೇಬಾರದು ಎಂದರು ಮೆಟೀರಿಯಲ್ಸಿನವರು. ದ್ರವ ಕೆಡುತ್ತದೆ, ದಿನಾ ಬದಲಿಸಬೇಕು ಎಂದರು ಕೆಮಿಕಲ್ಲಿನವರು. ಯೋಜನೆಯ ಮುಖ್ಯಸ್ಥರಾದ ಪ್ರೊಫೆಸರ್ ಇಂದುಧರ ಒಳ್ಳೆಯ ಮನುಷ್ಯರು, ಯಾರ ಮನಸ್ಸನ್ನೂ ನೋಯಿಸುವವರಲ್ಲ. ತುಂಡನ್ನು ಮುಟ್ಟಬೇಡಿ, ದ್ರವವನ್ನು ದಿನಾ ಬೆಳಿಗ್ಗೆ ಬದಲಿಸಿ ಎಂದು ಇಬ್ಬರ ಮಾತನ್ನೂ ಉಳಿಸಿ ತೀರ್ಮಾನ ಕೊಟ್ಟರು. ಎರಡೂ ಕಡೆಯವರು ಬಾದಾಮಿ ಮರದ ಕೆಳಗೆ ಚಹಾ ಕುಡಿದು ಸಮಾಧಾನವಾದರು.

ಅಕ್ಕನ ಜಾಡಿಯನ್ನು ನೀಲಿ ತಾನೇ ಕೇಳಿ ಇಸಿದುಕೊಂಡಳು. ಅವಳಷ್ಟು ಚೆನ್ನಾಗಿ ಜಾಡಿ ನೋಡಿಕೊಂಡವರು ಆ ಪ್ರಯೋಗಾಲಯದಲ್ಲಿ ಇನ್ನೊಬ್ಬರಿರಲಿಲ್ಲ. ಭಾನುವಾರವಿರಲಿ, ಹಬ್ಬವಿರಲಿ, ಬೆಳಿಗ್ಗೆ ಬಂದು ಹಳೆಯ ದ್ರವವನ್ನು ತ್ಯಾಜ್ಯದ ಕ್ಯಾನಿಗೆ ಸುರಿದು, ಜಾಡಿಯನ್ನು ಎರಡೆರಡು ಸಲ ತೊಳೆದು, ಬೆಚ್ಚಗೆ ಮಾಡಿದ ಹೊಸ ದ್ರವ ತುಂಬುತ್ತಿದ್ದಳು. ತುಂಡು ಕನ್ನಡಿಯಂತೆ ತಿಳಿಯಾಗಿ ಇರುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ಅವಳ ಎದೆ ಹಗುರವಾಗುತ್ತಿತ್ತು.

ಅಕ್ಕ ಮತ್ತೆ ಬಸ್ಸು ಹತ್ತಿದಳು. ಅದಕ್ಕಿಂತ ಹೆಚ್ಚಾಗಿ, ಮತ್ತೆ ನೀರು ಕುಡಿದಳು! ಪೊರೆ ಕೂಡಿಕೊಂಡ ಮೇಲೆ ಡಾಕ್ಟರು, ಇನ್ನು ಬೇಕಾದಷ್ಟು ಕುಡಿಯಮ್ಮ, ಕುಡಿದಷ್ಟೂ ಒಳ್ಳೆಯದು ಎಂದಿದ್ದರು. ಅವತ್ತು ಅಡುಗೆಮನೆಯಲ್ಲಿ ನಿಂತು ಒಂದು ತಂಬಿಗೆ ನೀರನ್ನು ಗಟಗಟ ಎತ್ತಿ ಕುಡಿದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು, ಇನ್ನೊಂದು ತಂಬಿಗೆ ಮೊಗೆದುಕೊಂಡಳು. ಸೊಂಟದ ಚೀಲಕ್ಕೆ ಸಣ್ಣದೊಂದು ಕೊಳವೆ ಇತ್ತು. ಬಸ್ಸು ನಿಂತಲ್ಲಿ ಯಾವುದಾದರೂ ಮನೆಯ ಬಚ್ಚಲಿನಲ್ಲಿ ಗಳಿಗೆಯೊಳಗೆ ಖಾಲಿ ಮಾಡಿ ಬರಬಹುದಿತ್ತು. ರೂಟಿನ ಹೆಂಗಸರೆಲ್ಲ ಅವಳಿಗೆ ಪರಿಚಯದವರಾದರು. ಒಂದೊಂದು ಊರಿನ ನೀರಿನ ರುಚಿಯನ್ನೂ ಅವಳು ತಂಗಿಗೆ ವರ್ಣಿಸುತ್ತಿದ್ದಳು. ಇಂಥ ಊರಿನದು ಸಿಹಿ, ಇಂಥ ಊರಿನದು ಸವಳು, ಇನ್ನೊಂದರದ್ದು ಕುಡಿದರೆ ಹಸಿವಾಗುತ್ತದೆ ಎಂದು.

ಸಂಜೆ ಡ್ಯೂಟಿ ಮುಗಿದ ಮೇಲೆ ಫೋನು ಬರುತ್ತಿತ್ತು. ಮೊದಲ ಮಾತು ಯಾವಾಗಲೂ ಒಂದೇ.

"ನನ್ನ ತುಂಡು ಹೆಂಗೈತೆ?"

"ಕನ್ನಡಿ ಇದ್ದಂಗೈತೆ ಅಕ್ಕ."

"ರೈಟ್," ಎಂದು ಅಕ್ಕ ಬಸ್ಸು ಬಿಡಿಸುವ ದನಿಯಲ್ಲಿ ಹೇಳಿ, ಆಮೇಲೆ ಊಟ ತಿಂಡಿಯ ಮಾತಿಗೆ ಬರುತ್ತಿದ್ದಳು.

ನೀಲಿಯ ಸಹಪಾಠಿ ಹಾಲೇಶನದ್ದು ಬೇರೆಯೇ ಕತೆ. ಒಳ್ಳೆಯ ಹುಡುಗ, ಆದರೆ ಮಹಾ ಸೋಮಾರಿ. ಮೈಲಾರಪ್ಪ ಎಂಬ ವಯಸ್ಸಾದವರೊಬ್ಬರ ಜಾಡಿ ಅವನ ಪಾಲಿಗೆ ಬಂದಿತ್ತು. ಅವನು ಅದನ್ನು ಜಾಡಿಗಳನ್ನು ಬೆಚ್ಚಗಿಡುವ ಶಾಖಪೆಟ್ಟಿಗೆಯ ಹಿಂದಿನ ಸಾಲಿಗೆ ತಳ್ಳಿ ಮರೆತೇಬಿಟ್ಟ. ಸೆಮಿಸ್ಟರ್ ಕಳೆದು ನೀಲಿ ಪೆಟ್ಟಿಗೆ ಒರೆಸುವಾಗ ಅದು ಕೈಗೆ ಸಿಕ್ಕಿತು. ದ್ರವ ಮಬ್ಬಾಗಿತ್ತು. ತುಂಡು ಸುಣ್ಣದಂತೆ ಬೆಳ್ಳಗಾಗಿತ್ತು, ಇಕ್ಕಳದಲ್ಲಿ ಎತ್ತಿದರೆ ಹಪ್ಪಳದಂತೆ ಮುರಿಯಿತು. ನೀಲಿಗೆ ಸಿಟ್ಟು ನೆತ್ತಿಗೇರಿತು. ಒಬ್ಬ ಮನುಷ್ಯನ ಜೀವದ ಸಾಕ್ಷಿಯನ್ನು ಹೀಗೆ ಕೊಳೆಹಾಕಿದ್ದೀಯಲ್ಲ ಎಂದು ಎಲ್ಲರೆದುರು ಅವನ ನೀರಿಳಿಸಿದಳು. ಇಂದುಧರ ಸರ್ ಕೂಡ ತುಸು ಗದರಿದರು. ಹಾಲೇಶ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡ. ಕೆಟ್ಟ ತುಂಡನ್ನು ಎಸೆದು, ಅದೇ ಹಾಳೆಯಲ್ಲಿ ಉಳಿದಿದ್ದ ಚೂರಿನಿಂದ ಹೊಸದನ್ನು ಕತ್ತರಿಸಿ, ಜಾಡಿ ತೊಳೆದು ಇಟ್ಟದ್ದು ನೀಲಿಯೇ.

ಬೇಸಿಗೆ ಬಂತು. ಅಕ್ಕನ ಪಾದ ಸಂಜೆ ಹೊತ್ತು ಊದಿಕೊಳ್ಳತೊಡಗಿತು. ಜಾಡಿಯನ್ನು ಬ್ಯಾಚಿನವರಿಗೆ ಒಪ್ಪಿಸಿ ರಜೆಗೆ ಮನೆಗೆ ಹೋದ ನೀಲಿ ಅದನ್ನು ಕಂಡು, ಆಸ್ಪತ್ರೆಗೆ ತೋರಿಸೋಣವೇ ಎಂದಳು. ಬಸ್ಸಿನಲ್ಲಿ ನಿಂತು ನಿಂತು ಊದುತ್ತದೆ, ಎಲ್ಲ ಕಂಡಕ್ಟರುಗಳಿಗೂ ಹೀಗೇ ಎಂದಳು ಅಕ್ಕ. ತುಂಡು ಚೆನ್ನಾಗಿದೆಯಲ್ಲ, ಮತ್ತೇಕೆ ಡಾಕ್ಟರು ಎಂದೂ ಕೇಳಿದಳು. ತುಂಡು ನಿಜಕ್ಕೂ ಚೆನ್ನಾಗಿತ್ತು. ಹೊರಡುವ ದಿನ ಬೆಳಿಗ್ಗೆ ತಾನೇ ಕಣ್ಣಾರೆ ನೋಡಿದ್ದಳು. ಹೌದಲ್ಲ ಎಂದು ಸುಮ್ಮನಾಗಿ, ಬಿಸಿನೀರಿಗೆ ಉಪ್ಪು ಹಾಕಿ ಅಕ್ಕನ ಕಾಲು ತೊಳೆದಳು.

ರಜೆ ಮುಗಿಸಿ ಹಿಂದಿರುಗಿದಾಗ ಮೈಲಾರಪ್ಪ ತೀರಿಕೊಂಡ ಸುದ್ದಿ ಕಾದಿತ್ತು. ವಯಸ್ಸಾಗಿತ್ತು, ಹೃದಯ ನಿಂತಿರಬೇಕು ಎಂದು ಡಾಕ್ಟರುಗಳು ಹೇಳಿದ್ದರು. ಪ್ರಯೋಗಾಲಯದಲ್ಲಿ ಅವರ ಹೊಸ ತುಂಡು ತಿಳಿಯಾಗಿಯೇ ಇತ್ತು. ಹಾಲೇಶ ಅದರ ಮುಂದೆ ಸಪ್ಪಗೆ ನಿಂತಿದ್ದ.

"ನೀಲಿ, ನಾನು ಕೆಡಿಸಿದ್ದೆನಲ್ಲ ಆ ಹಳೇ ತುಂಡು," ಎಂದ ಅವನು ಮೆಲ್ಲಗೆ. "ಅದು ಕೆಟ್ಟಿರಲಿಲ್ಲ ಅನ್ಸುತ್ತೆ. ನಿಜ ಹೇಳ್ತಿತ್ತು ಅನ್ಸುತ್ತೆ."

ಏನು ಹುಚ್ಚು ಮಾತು ಎನ್ನಲು ಹೋದ ನೀಲಿ ಜಾಡಿಯ ಕಡೆ ತಿರುಗಿದಳು. ಮೈಯೊಳಗೆ ದಿನಾ ಬೆಳಿಗ್ಗೆ ರಕ್ತ ಬದಲಿಸುವವರು ಯಾರು? ಅದೇ ರಕ್ತ ಸುತ್ತಿ ಸುತ್ತಿ ಅದೇ ಪೊರೆಗೆ ಬರುತ್ತದೆ. ಪೊರೆ ಹೆಣೆದುಕೊಳ್ಳುವಾಗ ಉದುರುವ ಕಿರುಚೂರು ಎಲ್ಲಿಗೆ ಹೋಗಬೇಕು? ಅವಳು ಕಾಗದ ಎಳೆದುಕೊಂಡು ಲೆಕ್ಕ ಹಾಕಿದಳು. ಆ ಚೂರು ಪೊರೆಯ ರಂಧ್ರಕ್ಕಿಂತ ಕೂದಲೆಳೆಯಷ್ಟು ದೊಡ್ಡದು. ದೊಡ್ಡದನ್ನು ಒಳಗೇ ತಡೆಯುವುದು ಪೊರೆಯ ಧರ್ಮವಲ್ಲವೇ? ತಾನೇ ಉದುರಿಸಿದ್ದನ್ನು ತಾನೇ ಹೊರಗೆ ಬಿಡದೆ ಅದು ಕೂಡಿಡುತ್ತಿತ್ತು. ಕೂಡಿದ ಚೂರುಗಳು ಮರಳಿ ಬಂದು ಬಿಡುವಾಗಿದ್ದ ಕೊಂಡಿಗಳಿಗೆಲ್ಲ ಅಂಟಿಕೊಂಡರೆ, ಮುಂದೆ ಹರಿದಾಗ ಹೆಣೆಯಲು ಕೊಂಡಿಯೇ ಉಳಿಯದು. ಚೂರು ಎಲ್ಲಿಗೆ ಹೋಗುತ್ತದೆ ಎಂದು ಕೆಮಿಕಲ್ಲಿನವರು ಕೇಳಿದ್ದರೆ ಗೊತ್ತಾಗುತ್ತಿತ್ತು, ಮೆಟೀರಿಯಲ್ಸಿನವರು ಕಾದಿದ್ದರೆ ಕಾಣುತ್ತಿತ್ತು. ಎರಡನ್ನೂ ಓದುತ್ತಿದ್ದವಳು ತಾನು. ಕೇಳಲೂ ಇಲ್ಲ, ಕಾಯಲೂ ಇಲ್ಲ, ತೊಳೆಯುತ್ತ ಕೂತಳು.

ಆದರೂ ಮನಸ್ಸು ಒಪ್ಪಬೇಕಲ್ಲ. ತ್ಯಾಜ್ಯದ ಕ್ಯಾನು ಇನ್ನೂ ಮೂಲೆಯಲ್ಲೇ ಇತ್ತು. ದಿನಾ ಬೆಳಿಗ್ಗೆ ಅವಳು ಸುರಿದದ್ದೆಲ್ಲ ಅದರಲ್ಲಿತ್ತು. ಇಬ್ಬರೂ ಸೇರಿ ಆ ದ್ರವವನ್ನು ಕುದಿಸದೆ, ನಿರ್ವಾತದಲ್ಲಿ ಇಂಗಿಸಿ ಇಂಗಿಸಿ ಗಟ್ಟಿ ಮಾಡಿ, ಹೊಸ ತುಂಡೊಂದನ್ನು ಗೀರಿ ಅದರಲ್ಲಿ ಮುಳುಗಿಸಿದರು. ಮರುದಿನ ಶಾಖಪೆಟ್ಟಿಗೆಯ ಬಾಗಿಲು ತೆರೆದಾಗ ಗೀರು ಕೂಡಿರಲಿಲ್ಲ. ತುಂಡು ಸುಣ್ಣದಂತೆ ಬೆಳ್ಳಗಾಗಿತ್ತು.

ನೀಲಿ ಅಕ್ಕನಿಗೆ ಫೋನು ಮಾಡಿದಳು. ಡ್ಯೂಟಿಯಲ್ಲಿದ್ದಾಗ ಅಕ್ಕ ಫೋನು ಎತ್ತುವವಳಲ್ಲ. ಮತ್ತೆ ಮಾಡಿದಳು. ಇಂದುಧರ ಸರ್ ಆಗಲೇ ಆಸ್ಪತ್ರೆಗೆ ಸುದ್ದಿ ಮುಟ್ಟಿಸಿ, ಪೊರೆ ಹಾಕಿಸಿಕೊಂಡವರನ್ನೆಲ್ಲ ಕರೆಸಲು ಹೇಳುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಕ್ಕನ ನಂಬರಿನಿಂದಲೇ ಕರೆ ಬಂತು. ಮಾತಾಡಿದ್ದು ಡ್ರೈವರ್. ಕೊಟ್ರಕ್ಕ ಟಿಕೆಟ್ ಕೊಡುತ್ತಲೇ ಸೊಂಟ ಹಿಡಿದುಕೊಂಡು ಕುಸಿದರು, ಬಸ್ಸನ್ನು ಸೀದಾ ಆಸ್ಪತ್ರೆಗೆ ತಿರುಗಿಸಿದ್ದೇನೆ, ಜನ ಯಾರೂ ಇಳಿಯಲಿಲ್ಲ, ಎಲ್ಲರೂ ಜೊತೆಗೇ ಬಂದಿದ್ದಾರೆ ಎಂದ.

ಪೊರೆ ಬಿರಿದು ಒಳಗೆಲ್ಲ ರಕ್ತ ಹರಡಿತ್ತು. ಆಪರೇಷನ್ ಮಾಡಿ ಅದನ್ನು ಹೊರಗೆ ತೆಗೆದರು. ಆದರೆ ನಂಜು ಆಗಲೇ ಮೈಗೇರಿತ್ತು. ಅಕ್ಕ ಮತ್ತೆ ಆ ಡಯಾಲಿಸಿಸ್ ಮಂಚದ ಮೇಲೆ ಬಂದು ಮಲಗಿದಳು. ಮತ್ತೆ ನೀರು ಅಳತೆಗೆ ಬಂತು. ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. ನೀಲಿ ಹತ್ತಿಯನ್ನು ನೀರಿನಲ್ಲಿ ಅದ್ದಿ ಆಗಾಗ ತುಟಿಗೆ ಒತ್ತುತ್ತಿದ್ದಳು. ಅಕ್ಕ ಆ ಹತ್ತಿಯನ್ನು ಮಗುವಿನಂತೆ ಚೀಪುತ್ತಿದ್ದಳು.

ಒಂದು ಸಂಜೆ, ಡ್ಯೂಟಿ ಮುಗಿಯುವ ಹೊತ್ತಿಗೆ ಸರಿಯಾಗಿ, ಅಕ್ಕ ಕಣ್ಣು ಬಿಟ್ಟಳು.

"ನನ್ನ ತುಂಡು ಹೆಂಗೈತೆ?"

ನೀಲಿಗೆ ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಅದೇ ಅವಳ ಸಂಕಟ.

"ಚೆನ್ನಾಗೈತೆ ಅಕ್ಕ. ಅದಕ್ಕೇನೂ ಆಗಿಲ್ಲ. ದಿನಾ ನಾನು ತೊಳೆದೂ ತೊಳೆದೂ ಅದನ್ನ ಚೆನ್ನಾಗಿಟ್ಟೆ. ನಿನ್ನೊಳಗಿದ್ದಿದ್ದನ್ನ ತೊಳೆಯೋರು ಇರ್ಲಿಲ್ಲ. ಕಾಲು ಊದಿದಾಗ್ಲೇ ಕರ್ಕಂಡು ಹೋಗ್ಬೇಕಿತ್ತು. ಆ ತುಂಡು ನೋಡಿ ನಾನು ಸುಮ್ನಾದೆ."

ಅಕ್ಕನಿಗೆ ಅರ್ಥವಾಯಿತೋ ಇಲ್ಲವೋ ಎಂದು ನೀಲಿ ಅವಳ ಮುಖವನ್ನೇ ನೋಡುತ್ತಿದ್ದಳು.

"ಮಿಕ್ಕೋರು?" ಎಂದಳು ಅಕ್ಕ.

"ಎಲ್ಲರ್ನೂ ಕರೆಸಿದಾರೆ. ಬಿರಿಯೋಕೆ ಮುಂಚೆನೇ ತೆಗೀತಾ ಇದಾರೆ."

"ಎಲ್ಲಾ ಬಂದ್ರಾ? ತಲೆ ಎಣಿಸಿದ್ರಾ?"

"ಎಣಿಸಿದ್ವಿ ಅಕ್ಕ. ಎಲ್ಲಾ ಬಂದಾರೆ."

"ರೈಟ್," ಎಂದಳು ಅಕ್ಕ. ಆಮೇಲೆ ತಂಗಿಯ ಕೈಯಲ್ಲಿದ್ದ ಹತ್ತಿಯ ಕಡೆ ನೋಡಿದಳು. "ಅಳಬ್ಯಾಡ್ವೇ ಹುಚ್ಚಿ. ಹೊಟ್ಟೆ ತುಂಬ ನೀರು ಕುಡುದೀನಿ. ಹತ್ತೂರಿನ ನೀರು ಕುಡುದೀನಿ. ಇನ್ನೊಂಚೂರು ಅದ್ದು."

ನೀಲಿ ಅದ್ದಿದಳು. ಅದೇ ವಾರ ಅಕ್ಕ ಹೋಗಿಬಿಟ್ಟಳು.

ಕರ್ಮಾದಿಗಳನ್ನು ಮುಗಿಸಿ ನೀಲಿ ಪ್ರಯೋಗಾಲಯಕ್ಕೆ ಬಂದಾಗ ಕ್ರಮ ಬದಲಾಗಿತ್ತು. ಇನ್ನು ಮೇಲೆ ಜಾಡಿಯ ದ್ರವವನ್ನು ಯಾರೂ ಬದಲಿಸುವಂತಿಲ್ಲ ಎಂದು ಇಂದುಧರ ಸರ್ ಬಾಗಿಲಲ್ಲೇ ಬರೆಸಿ ಹಾಕಿದ್ದರು. ರಂಧ್ರ ತುಸು ಅಗಲವಿರುವ ಹೊಸ ಪೊರೆಯ ಕೆಲಸವೂ ಶುರುವಾಗಿತ್ತು. ಆದರೆ ಕೊಟ್ರಮ್ಮ ಎಂದು ಹೆಸರು ಅಂಟಿಸಿದ್ದ ಜಾಡಿಯೊಳಗೆ ದ್ರವ ತಾಜಾ ಇತ್ತು. ಯಾರು ಎಂದು ಕೇಳಬೇಕಾಗಿರಲಿಲ್ಲ. ಹಾಲೇಶ ಆಚೆ ಮುಖ ಮಾಡಿ ನಿಂತಿದ್ದ. ಆ ಸೋಮಾರಿ ಅಷ್ಟೂ ದಿನ ಬೆಳಿಗ್ಗೆ ಎದ್ದು ಬಂದು ಅವಳು ಮಾಡುತ್ತಿದ್ದ ಹಾಗೆಯೇ ಎರಡೆರಡು ಸಲ ತೊಳೆದು ತುಂಬಿದ್ದ. ನೀನು ಬರುವಷ್ಟರಲ್ಲಿ ಅದಕ್ಕೆ ಏನಾದರೂ ಆಗಿಬಿಟ್ಟರೆ ಎಂದು ಹೆದರಿಕೆಯಾಯಿತು ಎಂದ.

ನೀಲಿ ತುಂಡನ್ನು ಇಕ್ಕಳದಲ್ಲಿ ಎತ್ತಿ ಬೆಳಕಿಗೆ ಹಿಡಿದಳು. ತಿಳಿಯಾಗಿತ್ತು. ಬ್ಲೇಡು ತೆಗೆದುಕೊಂಡು ಅದರ ಮೇಲೆ ಉದ್ದಕ್ಕೆ ಗೀರಿದಳು. ಸಂಜೆ ಬಂದು ನೋಡಿದರೆ ಗೀರು ಕೂಡಿಕೊಂಡು ಗುರುತೂ ಉಳಿದಿರಲಿಲ್ಲ. ಆಗ ಅವಳು ಅಲ್ಲೇ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಎದ್ದ ಮೇಲೆ, ನಾಳೆಯಿಂದ ಇದರ ದ್ರವವನ್ನು ಬದಲಿಸಬೇಡ ಎಂದು ಹಾಲೇಶನಿಗೆ ಹೇಳಿದಳು. ಅವನು ಬೇಡ ಎನ್ನುವಂತೆ ನೋಡಿದ. ಇದೂ ನಿಜ ಹೇಳಲಿ ಎಂದಳು ಅವಳು.

ಬದಲಿಸದೇ ಇರುವುದು ಬದಲಿಸುವುದಕ್ಕಿಂತ ಕಷ್ಟವಾಯಿತು. ಬೆಳಿಗ್ಗೆ ಕೈ ತಾನಾಗಿ ಮುಚ್ಚಳದ ಮೇಲೆ ಹೋಗುತ್ತಿತ್ತು. ಹಿಂದಕ್ಕೆ ಎಳೆದುಕೊಂಡು ಸುಮ್ಮನೆ ನೋಡುತ್ತ ನಿಲ್ಲುತ್ತಿದ್ದಳು. ಮಳೆಗಾಲ ಕಳೆಯಿತು. ಬಾದಾಮಿ ಮರದ ಎಲೆ ಕೆಂಪಾಗಿ ಉದುರಿತು. ಪರೀಕ್ಷೆಗಳು ಬಂದು ಹೋದವು. ತುಂಡಿನ ಅಂಚಿನಲ್ಲಿ ಮೊದಲು ಮಂಜಿನಂತೆ ಏನೋ ಕಾಣಿಸಿತು, ಆಮೇಲೆ ಅದು ಒಳಕ್ಕೆ ಸರಿಯಿತು. ಒಂದು ಸಂಜೆ ನೋಡಿದಾಗ ತುಂಡು ಪೂರಾ ಬೆಳ್ಳಗಾಗಿತ್ತು.

ಅಕ್ಕ ಡ್ಯೂಟಿ ಮುಗಿಸುತ್ತಿದ್ದ ಹೊತ್ತು ಅದು. ನೀಲಿ ಫೋನು ತೆಗೆದು ಅಕ್ಕನ ನಂಬರು ಒತ್ತಿದಳು. ಕುರ್ಚಿಗೆ ನೇತುಹಾಕಿದ್ದ ಅವಳದೇ ಚೀಲದೊಳಗೆ ಅಕ್ಕನ ಫೋನು ರಿಂಗಾಯಿತು. ದಿನಾ ಚಾರ್ಜು ಮಾಡಿ ಜೊತೆಗೇ ಇಟ್ಟುಕೊಂಡು ತಿರುಗುತ್ತಿದ್ದಳು ಅದನ್ನು. ಅದು ಬಡಿದುಕೊಳ್ಳುತ್ತಲೇ ಇತ್ತು.

"ಬೆಳ್ಳಗಾತು ಅಕ್ಕ," ಎಂದಳು ನೀಲಿ.